ಊರಿನಲ್ಲಿರುವ ಹಿರಿಯರ ಸ್ವಾವಲಂಬನೆ: ಅದನ್ನು ಅಳೆಯುವುದು ಹೇಗೆ?

ಅಮೀರ್‌ಪೇಟ್ ಮತ್ತು ಅದರ ಸುತ್ತಲಿನ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪೈಕಿ ಅನೇಕರ ತಂದೆತಾಯಂದಿರು ಇಂದಿಗೂ ಊರಿನಲ್ಲಿಯೇ ಇದ್ದಾರೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಹಳ್ಳಿಗಳಿಗೂ ಹೈದರಾಬಾದಿಗೂ ಇರುವ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಇವೆಲ್ಲ ಒಂದೇ ಹೈದರಾಬಾದ್ ಸಂಸ್ಥಾನದ ಮತ್ತು ರಾಜ್ಯದ ಭಾಗಗಳಾಗಿದ್ದವು. ಮಕ್ಕಳು ಓದಿಗೆಂದು, ನೌಕರಿಗೆಂದು ಇಲ್ಲಿಗೆ ಬಂದು ಮನೆ ಮಾಡಿದರು; ಹಿರಿಯರು ಹೊಲ, ಮನೆ, ದೇವರು ಎಂದು ಅಲ್ಲಿಯೇ ಉಳಿದರು. ದೂರವಾಣಿಯಲ್ಲಿ ವಿಚಾರಿಸಿದಾಗ ಬರುವ ಉತ್ತರ ಎಲ್ಲರಿಗೂ ಗೊತ್ತಿರುವುದೇ: "ನಾ ಆರಾಮ ಇದ್ದೀನಿ, ನೀ ಏನೂ ಚಿಂತಿ ಮಾಡಬ್ಯಾಡ."

ಈ ಉತ್ತರವನ್ನು ಎಷ್ಟು ನಂಬಬೇಕು? ಪ್ರಶ್ನೆ ಸಣ್ಣದಲ್ಲ. ಊರಿನ ಮನೆಗೆ ಬೀಗ ಹಾಕಿ ತಾಯಿಯನ್ನು ಇಲ್ಲಿಗೆ ಕರೆತರಬೇಕೇ, ಅಲ್ಲಿಯೇ ಒಬ್ಬ ಸಹಾಯಕಿಯನ್ನು ಗೊತ್ತುಮಾಡಬೇಕೇ, ಅಥವಾ ಸದ್ಯಕ್ಕೆ ಏನೂ ಮಾಡಬೇಕಾಗಿಲ್ಲವೇ ಎಂಬ ನಿರ್ಣಯ ಇದರ ಮೇಲೆ ನಿಂತಿದೆ. ಆದರೆ ನಮ್ಮ ಕುಟುಂಬಗಳಲ್ಲಿ ಈ ನಿರ್ಣಯ ಆಗುವ ಬಗೆ ನೋಡಿದರೆ, ಅಣ್ಣತಮ್ಮಂದಿರು ಹಬ್ಬಕ್ಕೆಂದು ಸೇರಿದ ಒಂದು ಸಂಜೆಯಲ್ಲಿ, ಯಾರೋ ಸಂಬಂಧಿಕರು ಹೇಳಿದ ಒಂದು ಮಾತಿನ ಆಧಾರದ ಮೇಲೆ ಆಗಿಬಿಡುತ್ತದೆ. ರಕ್ತದೊತ್ತಡಕ್ಕೆ ಯಂತ್ರ ಇಟ್ಟು ನೋಡುವ ನಾವು, ಸಕ್ಕರೆಗೆ ರಕ್ತ ಕೊಟ್ಟು ನೋಡುವ ನಾವು, ಒಬ್ಬರು ತಮ್ಮ ದಿನವನ್ನು ತಾವೇ ನಡೆಸಿಕೊಳ್ಳಬಲ್ಲರೇ ಎಂಬುದನ್ನು ಮಾತ್ರ ಅಂದಾಜಿನಲ್ಲಿಯೇ ಬಿಡುತ್ತೇವೆ. ಇದಕ್ಕೂ ಅಳತೆಗೋಲುಗಳಿವೆ, ಅರವತ್ತು ವರ್ಷಗಳಿಂದ ವೈದ್ಯರು ಅವುಗಳನ್ನು ಬಳಸುತ್ತಿದ್ದಾರೆ.

ಮೊದಲನೆಯದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹುಟ್ಟಿತು. ಡಾ. ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು ಸೊಂಟದ ಮೂಳೆ ಮುರಿದ ವೃದ್ಧರೇ ಮೊದಲಾದವರನ್ನು ಬಹುಕಾಲ ಗಮನಿಸಿ 1963ರಲ್ಲಿ ಆರು ಕೆಲಸಗಳ ಪಟ್ಟಿಯೊಂದನ್ನು ಪ್ರಕಟಿಸಿದರು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಮತ್ತು ಊಟ. ಅವರು ಕಂಡುಕೊಂಡ ಒಂದು ಸಂಗತಿ ಇಂದಿಗೂ ಸ್ವಾರಸ್ಯಕರ. ಈ ಆರು ಸಾಮರ್ಥ್ಯಗಳು ಮನಬಂದಂತೆ ಹೋಗುವುದಿಲ್ಲ. ಅವುಗಳಿಗೆ ಒಂದು ಕ್ರಮವಿದೆ. ಸಾಮಾನ್ಯವಾಗಿ ಸ್ನಾನ ಮೊದಲು ಕೈಬಿಡುತ್ತದೆ, ತುತ್ತು ಬಾಯಿಗೆ ಇಡುವುದು ಕೊನೆಗೆ. ಮಗು ಕಲಿತ ಕ್ರಮಕ್ಕೆ ಇದು ತಿರುಗುಮುರುಗು. ಆದ್ದರಿಂದಲೇ ಅನುಭವಸ್ಥ ವೈದ್ಯರು "ಊಟ ಮಾಡುತ್ತಾರೆಯೇ?" ಎಂದು ಕೇಳುವ ಮೊದಲು "ಸ್ನಾನ ಯಾರ ಸಹಾಯವೂ ಇಲ್ಲದೆ ಆಗುತ್ತದೆಯೇ?" ಎಂದು ಕೇಳುತ್ತಾರೆ.

1965ರಲ್ಲಿ ಫ್ಲಾರೆನ್ಸ್ ಮಹೋನಿ ಎಂಬ ವೈದ್ಯೆಯೂ ಡೊರೊಥಿಯಾ ಬಾರ್ಥೆಲ್ ಎಂಬ ಫಿಸಿಯೋಥೆರಪಿಸ್ಟರೂ ಹತ್ತು ಅಂಶಗಳ, ಒಟ್ಟು 100 ಅಂಕಗಳ ಇನ್ನೊಂದು ಮಾಪಕವನ್ನು ಕೊಟ್ಟರು. ಪಾರ್ಶ್ವವಾಯು ಆದವರ ಚೇತರಿಕೆಯನ್ನು ಅಳೆಯಲು ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಇದೇ. ಇದರ ನಿಯಮಗಳಲ್ಲಿ ಎರಡನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಒಂದು, ಆ ವ್ಯಕ್ತಿ ಏನು ಮಾಡಬಲ್ಲರು ಎಂಬುದಲ್ಲ, ದಿನವೂ ಏನು ಮಾಡುತ್ತಿದ್ದಾರೆ ಎಂಬುದನ್ನು ಬರೆಯಬೇಕು. ಎರಡು, ಕೋಲು ಹಿಡಿದು ನಡೆದರೂ ಅದು ಸ್ವಾವಲಂಬನೆಯೇ. ಆದರೆ "ಬೀಳಬಹುದು" ಎಂದು ಒಬ್ಬರು ಪಕ್ಕದಲ್ಲಿ ನಿಂತಿರಲೇಬೇಕಾದರೆ, ಅವರು ಕೈ ಮುಟ್ಟಿಸದಿದ್ದರೂ, ಅದು ಸ್ವಾವಲಂಬನೆಯಲ್ಲ.

ಆದರೆ ಒಬ್ಬರೇ ಒಂದು ಮನೆಯಲ್ಲಿ ಬಾಳುವುದಕ್ಕೆ ಸ್ನಾನ, ಊಟ ಸಾಲದು. ಅಡುಗೆ ಮಾಡಬೇಕು, ಸಾಮಾನು ತರಬೇಕು, ಹಣದ ಲೆಕ್ಕ ಇಡಬೇಕು, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಫಿಲಡೆಲ್ಫಿಯಾದ ಲಾಟನ್ ಮತ್ತು ಬ್ರೋಡಿ ಎಂಬಿಬ್ಬರು 1969ರಲ್ಲಿ ಇಂತಹ ಎಂಟು ಕೆಲಸಗಳನ್ನು ಪಟ್ಟಿಮಾಡಿದರು: ದೂರವಾಣಿ, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧ, ಹಣಕಾಸು. ತಮಾಷೆಯ ಮಾತೆಂದರೆ, ಮೂಲ ಮಾಪಕದಲ್ಲಿ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆತಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಂಗಸರಿಗೆ ಎಂಟು ಅಂಕ, ಗಂಡಸರಿಗೆ ಐದೇ. ಅಡುಗೆಮನೆಯ ವಿಷಯದಲ್ಲಿ ಆ ಕಾಲದ ಅಮೆರಿಕವೂ ನಮ್ಮ ಊರುಗಳೂ ಬಹಳ ದೂರ ಇರಲಿಲ್ಲವೆಂದು ಕಾಣುತ್ತದೆ.

ಈ ಮಾಪಕಗಳನ್ನು ಹಾಗೆಯೇ ತಂದು ನಮ್ಮ ಹಳ್ಳಿಯ ಮನೆಯೊಂದರಲ್ಲಿ ಇಟ್ಟರೆ ಏನಾಗುತ್ತದೆ? ಸೇಡಂ ಅಥವಾ ಚಿಂಚೋಳಿ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೆಟ್ಟಿಲು ಹತ್ತಿ ಇಳಿಯುತ್ತಾರೆಯೇ ಎಂದು ಮಾಪಕ ಕೇಳುತ್ತದೆ. ಆ ಮನೆಯಲ್ಲಿ ಮೆಟ್ಟಿಲೇ ಇಲ್ಲ; ಇರುವುದು ಎತ್ತರದ ಕಟ್ಟೆ ಮತ್ತು ಹೊಸ್ತಿಲು. ಕುರ್ಚಿಯಿಂದ ಏಳುತ್ತಾರೆಯೇ ಎಂದು ಕೇಳುತ್ತದೆ. ಅಲ್ಲಿ ಕೂರುವುದೂ ಏಳುವುದೂ ನೆಲದಿಂದ. ಸ್ನಾನವೆಂದರೆ ನಲ್ಲಿ ತಿರುಗಿಸುವುದಲ್ಲ. ಒಲೆ ಹೊತ್ತಿಸಿ, ಹಂಡೆಯ ನೀರು ಕಾಯಿಸಿ, ಬಕೆಟ್ಟಿಗೆ ತೋಡಿಕೊಂಡು, ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತಂಬಿಗೆಯಿಂದ ಹೊಯ್ದುಕೊಳ್ಳುವುದು. ಆ ಬಚ್ಚಲಿನ ನೆಲ ಶಹಾಬಾದ್ ಕಲ್ಲಿನದಾದರೆ, ಸಾಬೂನಿನ ನೀರು ಬಿದ್ದಾಗ ಅದು ಎಷ್ಟು ಜಾರುತ್ತದೆ ಎಂಬುದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಶೌಚಾಲಯ ಹಿತ್ತಲಿನಲ್ಲಿದ್ದರೆ ರಾತ್ರಿ ಕತ್ತಲಲ್ಲಿ ಚೊಂಬು ಹಿಡಿದು ಅಂಗಳ ದಾಟಬೇಕು. ಬಟ್ಟೆ ತೊಡುವುದೆಂದರೆ ಹೆಂಗಸರಿಗೆ ಆರು ಗಜದ ಅಥವಾ ಎಂಟು ಗಜದ ಸೀರೆ, ಗಂಡಸರಿಗೆ ಕಚ್ಚೆ ಹಾಕಿ ಉಡುವ ಧೋತರ. ಇವೆಲ್ಲ ಅಂಗಿಯ ಗುಂಡಿ ಹಾಕುವುದಕ್ಕಿಂತ ಎಷ್ಟೋ ಕಷ್ಟದ ಕೆಲಸಗಳು. ಅಂದರೆ ಹಳ್ಳಿಯಲ್ಲಿ "ಸ್ನಾನ ತಾನೇ ಮಾಡುತ್ತಾಳೆ" ಎಂಬ ಒಂದು ಸಾಲಿನಲ್ಲಿ ನಗರದ ನಾಲ್ಕು ಸಾಮರ್ಥ್ಯಗಳು ಅಡಗಿವೆ.

ಇದರ ಮರುಬದಿಯೂ ಇದೆ. ಅದೇ ತಾಯಿ ತಿಂಗಳ ಮಟ್ಟಿಗೆ ಅಮೀರ್‌ಪೇಟ್‌ನ ಫ್ಲ್ಯಾಟಿಗೆ ಬರುತ್ತಾರೆ. ಲಿಫ್ಟಿನ ಗುಂಡಿ ಒತ್ತಲು ಹೆದರುತ್ತಾರೆ, ಕಮೋಡಿನ ಮೇಲೆ ಕೂರಲು ಮುಜುಗರ, ಗ್ಯಾಸ್ ಹೊತ್ತಿಸಲು ಭಯ, ಕೆಳಗಿಳಿದರೆ ಯಾವ ಬಾಗಿಲು ತಮ್ಮದೆಂದು ತಿಳಿಯದು. ಮಗ ನೋಡಿ "ಅವ್ವನಿಗೆ ಇನ್ನು ಏನೂ ಆಗುವುದಿಲ್ಲ" ಎಂದು ತೀರ್ಮಾನಿಸುತ್ತಾನೆ. ಊರಿನಲ್ಲಿ ದಿನಕ್ಕೆ ಹತ್ತು ಜೋಳದ ರೊಟ್ಟಿ ಬಡಿಯುವ ಕೈ ಅದು ಎಂಬುದನ್ನು ಆತ ಮರೆತಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2015ರ ವರದಿಯಲ್ಲಿ ಇದನ್ನೇ ಬೇರೆ ಮಾತುಗಳಲ್ಲಿ ಹೇಳಿತು: ವ್ಯಕ್ತಿಯ ಒಳಗಿನ ಶಕ್ತಿ ಒಂದು, ಸುತ್ತಲಿನ ಪರಿಸರ ಇನ್ನೊಂದು; ಎರಡೂ ಸೇರಿದಾಗಲೇ ಆತ ಏನು ಮಾಡಬಲ್ಲ ಎಂಬುದು ಗೊತ್ತಾಗುವುದು. ಪರಿಸರ ಬದಲಾದರೆ ಮೊಣಕಾಲು ಅದೇ ಇದ್ದರೂ ಸ್ವಾವಲಂಬನೆ ಬದಲಾಗುತ್ತದೆ.

ನಮ್ಮ ದೇಶದ ಹಳ್ಳಿಗಳಿಗೆಂದೇ ಒಂದು ಮಾಪಕವನ್ನು ರೂಪಿಸಿದ ಉದಾಹರಣೆಯಿದೆ. ಹರಿಯಾಣದ ಬಲ್ಲಭ್‌ಗಢದಲ್ಲಿ ಮರೆಗುಳಿ ಕಾಯಿಲೆಯ ಸಮೀಕ್ಷೆ ನಡೆಸಿದ ಭಾರತ-ಅಮೆರಿಕ ಸಂಶೋಧಕರ ತಂಡಕ್ಕೆ ಒಂದು ತೊಡಕು ಎದುರಾಯಿತು. ಅಲ್ಲಿನ ಹಿರಿಯರಲ್ಲಿ ಬಹುಪಾಲು ಅನಕ್ಷರಸ್ಥರು. ಚೆಕ್ ಬರೆಯುವುದು, ಫೋನ್ ತಿರುಗಿಸುವುದು ಅವರ ಬದುಕಿನಲ್ಲಿಯೇ ಇಲ್ಲ. ಆದ್ದರಿಂದ ಅವರು ಹಳ್ಳಿಯ ಜೀವನದಿಂದಲೇ ಪ್ರಶ್ನೆಗಳನ್ನು ಆರಿಸಿದರು. 1999ರಲ್ಲಿ ಅದು ಪ್ರಕಟವಾಯಿತು. ಮುಖ್ಯ ಹಬ್ಬಗಳು ಯಾವಾಗ ಬರುತ್ತವೆ ಎಂಬ ನೆನಪಿದೆಯೇ? ಒಬ್ಬರು ಹೇಳಿದ ಸುದ್ದಿಯನ್ನು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಿಸುತ್ತಾರೆಯೇ? ಸ್ವಂತ ಊರಿನಲ್ಲಿ ದಾರಿ ತಪ್ಪುತ್ತಾರೆಯೇ? ಮನೆಯಲ್ಲಿ ಮದುವೆಯಂತಹ ಮಾತು ಬಂದಾಗ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ? ಈ ಪ್ರಶ್ನೆಗಳನ್ನು ಹಿರಿಯರಿಗಲ್ಲ, ಅವರೊಡನೆ ಇರುವವರಿಗೆ ಕೇಳುತ್ತಾರೆ.

ಇದರ ಜಾಣ್ಮೆ ನಮ್ಮ ಕಡೆಗೂ ಹೊಂದುತ್ತದೆ. ಕಲ್ಯಾಣ ಕರ್ನಾಟಕದ ಒಬ್ಬ ರೈತ ಹಿರಿಯರಿಗೆ "ಇಂದು ಯಾವ ತಾರೀಕು?" ಎಂದು ಕೇಳುವುದಕ್ಕಿಂತ ಕಾರಹುಣ್ಣಿಮೆ ಹೋಗಿ ಎಷ್ಟು ದಿನವಾಯಿತು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದಿರಾ, ಯಾರು ಯಾರು ಬಂದಿದ್ದರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ತಾರೀಕು ಗೊತ್ತಿಲ್ಲದ್ದು ಮರೆವಲ್ಲ. ಎಳ್ಳಮಾವಾಸ್ಯೆಯೇ ಮರೆತುಹೋಗಿದ್ದರೆ ಅದು ಯೋಚಿಸಬೇಕಾದ ಸಂಗತಿ.

ದೇಶದ ಒಟ್ಟು ಚಿತ್ರ ನಮಗೆ ದೊರೆತದ್ದು 'ಲಾಸಿ' ಎಂದು ಕರೆಯಲಾಗುವ ಭಾರತದ ವೃದ್ಧಾಪ್ಯ ಅಧ್ಯಯನದಿಂದ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 2017-18ರಲ್ಲಿ ನಡೆದ ಇದರ ಮೊದಲ ಸುತ್ತಿನಲ್ಲಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಲಾಯಿತು. ವರದಿ 2021ರ ಜನವರಿಯಲ್ಲಿ ಹೊರಬಂತು. 60 ದಾಟಿದವರಲ್ಲಿ ಸುಮಾರು ಶೇ. 24ರಷ್ಟು ಜನರಿಗೆ ಸ್ನಾನ, ಶೌಚ, ನಡಿಗೆಯಂತಹ ಮೂಲ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗಿತ್ತು. ಅಡುಗೆ, ಖರೀದಿ, ಹಣಕಾಸಿನಂತಹ ಕೆಲಸಗಳಲ್ಲಿ ಒಂದಾದರೂ ಕಷ್ಟವೆಂದವರು ಸುಮಾರು ಶೇ. 48. ನಗರಕ್ಕಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು. ಎರಡನೆಯ ಅಂಕಿಯನ್ನು ಓದುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಆ ಪಟ್ಟಿಯಲ್ಲಿ "ಅಪರಿಚಿತ ಸ್ಥಳದಲ್ಲಿ ವಿಳಾಸ ಹುಡುಕುವುದು" ಎಂಬುದೂ ಇದೆ. ಅಮೀರ್‌ಪೇಟ್ ಮೆಟ್ರೋ ನಿಲ್ದಾಣದಲ್ಲಿ ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ನಡುವಯಸ್ಸಿನ ನಾವೇ ಎಷ್ಟು ಸಲ ತಬ್ಬಿಬ್ಬಾಗಿಲ್ಲ!

ನಮ್ಮ ನಾಡಿಗೆ ಇನ್ನೂ ಹತ್ತಿರದ ಕೆಲಸವೊಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ದೀರ್ಘಕಾಲ ಗಮನಿಸುವ ಗುರಿಯೊಂದಿಗೆ 2018ರಲ್ಲಿ ಅಧ್ಯಯನ ಆರಂಭಿಸಿತು. ಅದು ಆಂಧ್ರದ ಗಡಿಯ ಸೀಮೆ. ಕನ್ನಡ, ತೆಲುಗು ಎರಡೂ ಮನೆಮಾತುಗಳು. ಒಂದೇ ಸಲ ನೋಡಿ ಬಿಡುವುದಲ್ಲ, ಅದೇ ಜನರನ್ನು ವರ್ಷಗಳ ಕಾಲ ಮತ್ತೆ ಮತ್ತೆ ನೋಡುವುದು ಇದರ ವೈಶಿಷ್ಟ್ಯ. ಮನೆಯವರಿಗೂ ಇದರಲ್ಲಿ ಒಂದು ಸೂಚನೆಯಿದೆ. ಒಂದು ದಿನದ ಅಂಕ ಹೆಚ್ಚೇನೂ ಹೇಳದು. ಆರು ತಿಂಗಳ ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸ ಬಹಳ ಹೇಳುತ್ತದೆ.

ಹಾಗಾದರೆ ಊರಿಗೆ ಹೋದಾಗ ನೀವು ಮಾಡಬಹುದಾದದ್ದೇನು? ಮೊದಲಿಗೆ, ಹಬ್ಬದ ಎರಡು ದಿನಗಳಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಅಂದು ಮನೆ ತುಂಬ ಜನ, ಎಲ್ಲ ಕೆಲಸವನ್ನೂ ಸೊಸೆಯಂದಿರು ಮಾಡುತ್ತಾರೆ, ಹಿರಿಯರೂ ಉತ್ಸಾಹದಲ್ಲಿ ಇರುತ್ತಾರೆ. ಸಾಧಾರಣ ವಾರದ ನಡುವೆ ಹೋಗಿ, ಒಂದು ಪೂರ್ತಿ ದಿನ ಏನೂ ಮಾಡದೆ ಕುಳಿತು ನೋಡಿ. ಬೆಳಗ್ಗೆ ಹಾಸಿಗೆಯಿಂದ ಹೇಗೆ ಏಳುತ್ತಾರೆ? ಗೋಡೆ ಹಿಡಿಯುತ್ತಾರೆಯೇ? ನೆಲದಿಂದ ಏಳುವಾಗ ಒಂದು ಕೈ ಊರುತ್ತಾರೋ ಎರಡೋ? ಸೀರೆಯ ನೆರಿಗೆ ಮೊದಲಿನಂತೆ ಇದೆಯೇ, ಅಥವಾ ಹೇಗೋ ಸುತ್ತಿಕೊಂಡಂತಿದೆಯೇ? ಸೆರಗಿನ ಅಂಚು ಒಲೆಯಲ್ಲಿ ಸುಟ್ಟಿದೆಯೇ?

ಕಾಲಿನ ಬಲ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಬೇಕು. 14 ಸೆಕೆಂಡಿನೊಳಗೆ ಆಗದಿದ್ದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಕೈ ಊರದೆ ಏಳಲು ಆಗುವುದೇ ಇಲ್ಲವೆಂದಾದರೆ ಮುಂದುವರಿಸಬೇಡಿ. ಅಷ್ಟೇ ಸಾಕಷ್ಟು ಉತ್ತರ. ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಮಾತ್ರೆಗಳ ವಿಷಯ ಕೇಳಿದರೆ ಎಲ್ಲರೂ "ತೊಗೋತೀನಿ" ಎನ್ನುತ್ತಾರೆ. ಕೇಳಬೇಡಿ, ಎಣಿಸಿ. ತಿಂಗಳ ಮೊದಲ ದಿನ 30 ಮಾತ್ರೆ ತಂದಿಟ್ಟು, ದಿನಕ್ಕೊಂದರಂತೆ 20ನೆಯ ದಿನ ರಾತ್ರಿಗೆ 10 ಉಳಿದಿರಬೇಕು. 19 ಉಳಿದಿದ್ದರೆ ಒಂಬತ್ತು ದಿನ ಮರೆತಿದ್ದಾರೆ. ಎರಡೇ ಉಳಿದಿದ್ದರೆ ಅದು ಇನ್ನೂ ಅಪಾಯ. ತೆಗೆದುಕೊಂಡದ್ದನ್ನೇ ಮರೆತು ಮತ್ತೆ ತೆಗೆದುಕೊಂಡಿರಬಹುದು.

ಹಣದ ಬಗೆಗೆ ನೋಡುವಾಗ "ಎಂದೂ ಮಾಡಿರಲಿಲ್ಲ" ಎಂಬುದನ್ನೂ "ಮಾಡುತ್ತಿದ್ದವರಿಗೆ ಈಗ ಆಗುತ್ತಿಲ್ಲ" ಎಂಬುದನ್ನೂ ಬೇರೆ ಬೇರೆ ಇಡಬೇಕು. ಪತಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ಬ್ಯಾಂಕಿನ ಬಾಗಿಲು ಕಂಡ ತಾಯಿಗೆ ಪಾಸ್‌ಬುಕ್ ಅರ್ಥವಾಗದಿದ್ದರೆ ಅದು ಕಾಯಿಲೆಯಲ್ಲ, ಕಲಿಸಿದರೆ ಕಲಿತಾರು. ನಲವತ್ತು ವರ್ಷ ಸಂತೆಯಲ್ಲಿ ವ್ಯಾಪಾರ ಮಾಡಿದ ತಂದೆ ನೂರರ ನೋಟಿಗೂ ಐದುನೂರರ ನೋಟಿಗೂ ಗೊಂದಲಪಡುತ್ತಿದ್ದರೆ ಅದು ಬೇರೆಯೇ ಮಾತು. ಹಾಗೆಯೇ ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಬರಿಗೈಯಲ್ಲಿ ಮರಳಿದರೆಂದು ಅವರ ಸಾಮರ್ಥ್ಯವನ್ನು ಶಂಕಿಸಬಾರದು. ಜೀವಮಾನವಿಡೀ ಮಣ್ಣಿನಲ್ಲಿ ದುಡಿದ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ಅಷ್ಟೆ.

ನೀವು ನೋಡಿದ್ದರ ಜೊತೆಗೆ ಇನ್ನಿಬ್ಬರನ್ನು ಕೇಳಿ. ಹಿರಿಯರು ತಮ್ಮ ಕಷ್ಟವನ್ನು ಸಾಮಾನ್ಯವಾಗಿ ಕಡಿಮೆ ಮಾಡಿ ಹೇಳುತ್ತಾರೆ. ಊರು ಬಿಡಿಸುತ್ತಾರೆ ಎಂಬ ಭಯ ಅವರಿಗೆ. ಆರೈಕೆ ಮಾಡಿ ದಣಿದವರು ಹೆಚ್ಚು ಮಾಡಿ ಹೇಳುವುದುಂಟು. ಪಕ್ಕದ ಮನೆಯವರು, ಹಾಲು ಹಾಕುವವರು, ಆಶಾ ಕಾರ್ಯಕರ್ತೆ ಇವರಿಗೆ ಎರಡರ ಹಂಗೂ ಇಲ್ಲ. ತಂದೆಯವರು ಮೊದಲು ದಿನವೂ ಗುಡಿಯ ಕಟ್ಟೆಗೆ ಬರುತ್ತಿದ್ದರು, ಈಚೆಗೆ ಬರುತ್ತಿಲ್ಲ ಎಂಬ ಸುದ್ದಿ ಅವರಿಂದಲೇ ಬರಬೇಕು. ಹೊರಗೆ ಹೋಗುವುದನ್ನು ನಿಲ್ಲಿಸುವುದು ಅನೇಕ ಬಾರಿ ಮೊದಲ ಲಕ್ಷಣ. ಕಿವಿ ಮಂದವಾಗಿದ್ದರೂ ಹೀಗಾಗುತ್ತದೆ, ಮೂತ್ರ ತಡೆಯಲಾಗದ ನಾಚಿಕೆಯಿಂದಲೂ ಆಗುತ್ತದೆ. ಎರಡನೆಯದನ್ನು ಮಗನ ಮುಂದೆ ಯಾವ ತಾಯಿಯೂ ಹೇಳುವುದಿಲ್ಲ. ಮಗಳೋ ಸೊಸೆಯೋ ಏಕಾಂತದಲ್ಲಿ ಕೇಳಬೇಕು.

ಕಂಡದ್ದನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿಯೊಂದು ಕೆಲಸದ ಮುಂದೆ ಮೂರೇ ಮಾತು ಸಾಕು: ತಾವೇ, ಸ್ವಲ್ಪ ಸಹಾಯದಿಂದ, ಬೇರೆಯವರೇ. ವೈದ್ಯರ ಬಳಿಗೆ ಹೋಗುವಾಗ "ಸ್ವಲ್ಪ ನಿಶ್ಶಕ್ತಿ" ಎನ್ನುವುದರ ಬದಲು ಈ ಪುಟವನ್ನು ತೋರಿಸಿದರೆ ಅವರ ಕೆಲಸ ಅರ್ಧ ಹಗುರಾಗುತ್ತದೆ.

ಇಳಿಮುಖ ಕಂಡ ಕೂಡಲೇ "ವಯಸ್ಸಾಯಿತು" ಎಂದು ಕೈಚೆಲ್ಲುವುದು ನಾವು ಮಾಡುವ ದೊಡ್ಡ ಅನ್ಯಾಯವೆಂದು ಈ ಲೇಖಕನ ಅನಿಸಿಕೆ. ಕಣ್ಣಿನ ಪೊರೆ, ಶ್ರವಣದೋಷ, ರಕ್ತಹೀನತೆ, ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಒಂದಕ್ಕೊಂದು ಹೊಂದದ ಔಷಧಗಳು, ಇವೆಲ್ಲವೂ ಒಬ್ಬರನ್ನು ಪರಾವಲಂಬಿಯನ್ನಾಗಿ ಮಾಡುತ್ತವೆ, ಇವೆಲ್ಲಕ್ಕೂ ಚಿಕಿತ್ಸೆಯಿದೆ. ಎರಡು ಮೂರು ದಿನಗಳಲ್ಲಿಯೇ ಹಠಾತ್ತನೆ ಬದಲಾವಣೆ ಆದರೆ, ಅಂದರೆ ನಿನ್ನೆ ತಾನೇ ಸ್ನಾನ ಮಾಡಿದವರು ಇಂದು ತಡಬಡಿಸುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪಾರ್ಶ್ವವಾಯು, ಸೋಂಕು, ತಲೆಗೆ ಬಿದ್ದ ಪೆಟ್ಟು ಇರಬಹುದು. ನಿಧಾನವಾಗಿ, ಮೊದಲು ಹಣ ಮತ್ತು ಔಷಧ, ಆಮೇಲೆ ಅಡುಗೆ, ಆಮೇಲೆ ಸ್ನಾನ ಎಂಬ ಕ್ರಮದಲ್ಲಿ ಕೈತಪ್ಪುತ್ತಿದ್ದರೆ ಮರೆಗುಳಿ ಕಾಯಿಲೆಯ ತಪಾಸಣೆ ಆಗಬೇಕು. ಲಾಸಿಯ ಅಂಗವಾಗಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಹೆಂಗಸರಲ್ಲಿ ಮತ್ತು ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು.

ಅಳತೆಯಿಂದ ತೀರ್ಮಾನಕ್ಕೆ ಬರುವಾಗಲೂ ಊರು ಅಥವಾ ನಗರ ಎಂಬ ಎರಡೇ ದಾರಿ ಎಂದುಕೊಳ್ಳಬೇಕಾಗಿಲ್ಲ. ಕಷ್ಟ ಬಚ್ಚಲಿನಲ್ಲಿ ಮಾತ್ರವಾದರೆ ಅಲ್ಲಿ ಗೋಡೆಗೆ ಒಂದು ಹಿಡಿಕೆ, ಕೂರಲು ಒಂದು ಎತ್ತರದ ಮಣೆ, ಜಾರದ ಹಾಸು ಸಾಕಾಗಬಹುದು. ರಾತ್ರಿಯ ಶೌಚಕ್ಕೆ ತೊಂದರೆಯಾದರೆ ಹಿತ್ತಲಿಗೆ ಒಂದು ದೀಪ, ಶೌಚಾಲಯದಲ್ಲಿ ಇಡುವ ಕಮೋಡ್ ಕುರ್ಚಿ. ಮಾತ್ರೆಗೆ ವಾರದ ಖಾನೆಗಳುಳ್ಳ ಡಬ್ಬಿ. ಅಡುಗೆಯೊಂದೇ ಕಷ್ಟವಾದರೆ ಒಂದು ಹೊತ್ತಿನ ರೊಟ್ಟಿಯನ್ನು ಪಕ್ಕದ ಮನೆಯಲ್ಲಿ ಗೊತ್ತುಮಾಡುವುದು. ಹಾಸಿಗೆಯಿಂದ ಏಳಲು, ಶೌಚಕ್ಕೆ ಹೋಗಲು ಇನ್ನೊಬ್ಬರ ಕೈ ಬೇಕಾದ ಮೇಲೆ ಮಾತ್ರ ಒಬ್ಬರನ್ನೇ ಬಿಡುವುದು ಸಾಧ್ಯವಿಲ್ಲ. ಅಲ್ಲಿಯೂ ಸರಿ, ಇಲ್ಲಿಯೂ ಸರಿ, ಹಗಲಿರುಳು ಜೊತೆಗೆ ಒಬ್ಬರು ಬೇಕು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗಿ ಹಗಲೆಲ್ಲ ಬೀಗ ಹಾಕಿದ ಫ್ಲ್ಯಾಟು ಊರಿನ ಮನೆಗಿಂತ ಸುರಕ್ಷಿತವೆಂದು ಹೇಳಲಾಗದು.

ಸರಕಾರದ ಕಡೆಯಿಂದ ಸಿಗುವ ನೆರವಿನ ಬಗ್ಗೆ ಎರಡು ಮಾತು. ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದ ನಡೆದುಬಂದಿದ್ದು, ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ವಿಭಾಗವನ್ನು ಅದು ಉದ್ದೇಶಿಸಿದೆ. ಊರಿಗೆ ಹೋದಾಗ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಅದರ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳಿ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಯೋಜನೆಯ ವಿಮೆಯನ್ನು ವಿಸ್ತರಿಸಿದ್ದು 2024ರ ಅಕ್ಟೋಬರಿನಲ್ಲಿ. ಹಿರಿಯ ನಾಗರಿಕರ ಸಹಾಯವಾಣಿ 14567 ಎಂಬುದು ದೇಶದ ಎಲ್ಲೆಡೆಗೂ ಒಂದೇ ಸಂಖ್ಯೆ, ಕರೆಗೆ ಶುಲ್ಕವಿಲ್ಲ. ಈ ವ್ಯವಸ್ಥೆ ಮೊದಲು ಆರಂಭವಾದದ್ದು 2017ರಲ್ಲಿ, ನಮ್ಮ ಹೈದರಾಬಾದಿನಲ್ಲಿಯೇ. ಊರಿನ ಮನೆಯ ಫೋನಿನಲ್ಲಿ ಈ ಸಂಖ್ಯೆಯನ್ನೂ ನಿಮ್ಮ ಸಂಖ್ಯೆಯನ್ನೂ ಒಂದೇ ಗುಂಡಿಗೆ ಸಿಗುವಂತೆ ಮಾಡಿ, ನಿಮ್ಮ ಎದುರಿನಲ್ಲಿಯೇ ಹಿರಿಯರ ಕೈಯಿಂದ ಒಮ್ಮೆ ಒತ್ತಿಸಿ ನೋಡಿ ಬನ್ನಿ.